ಅರ್ಧ ಲಾಭ ಜೇಬಿಗೆ, ಉಳಿದರ್ಧ ಯಾರ ಲೆಕ್ಕಕ್ಕೆ?

ಜುಮಾ ಮುಗಿದು ಮಸೀದಿ ಅಂಗಳದಲ್ಲಿ ಚಪ್ಪಲಿ ಹುಡುಕುವಾಗ ಕಿವಿಗೆ ಬೀಳುವ ಮಾತುಗಳು ಬದಲಾಗಿವೆ. ಮೊದಲೆಲ್ಲ ವೀಸಾ, ಟಿಕೆಟ್ ದರ, ಯಾರ ಮದುವೆ ಯಾವ ಹಾಲ್‌ನಲ್ಲಿ ಎಂಬ ಸುದ್ದಿ ಇರುತ್ತಿತ್ತು. ಈಗ ಇಪ್ಪತ್ತು-ಇಪ್ಪತ್ತೈದರ ಹುಡುಗರ ನಡುವೆ ನಡೆಯುವುದು ಬೇರೆಯೇ ಭಾಷೆ. "ಹಾಫ್ ಬುಕ್ ಮಾಡಿದ್ಯಾ?" "ಇಲ್ಲ ಮಾರಾಯ, ಪೂರ್ತಿ ಇಟ್ಟೆ, ವಾಪಸ್ ಬಂತು." "ನಾನು ಅರ್ಧ ತೆಗೆದೆ. ಇನ್ನು ಉಳಿದದ್ದು ಫ್ರೀ." ಕೇಳುತ್ತಾ ನಿಂತ ಹಿರಿಯರಿಗೆ ಇದು ಎಂಥ ವ್ಯಾಪಾರ ಅಂತಲೇ ಗೊತ್ತಾಗುವುದಿಲ್ಲ. ಆದರೆ ಅದರಲ್ಲಿ ಹಾಕಿದ ದುಡ್ಡು ಹೆಚ್ಚಾಗಿ ಆ ಹಿರಿಯರದ್ದೇ ಆಗಿರುತ್ತದೆ. ಆದ್ದರಿಂದ ಈ 'ಹಾಫ್ ಬುಕಿಂಗ್' ಅಂದರೆ ಏನು, ಅದರಿಂದ ಏನು ಸಿಗುತ್ತದೆ, ಏನು ಸಿಗುವುದಿಲ್ಲ ಎಂದು ಮನೆಯವರೂ ತಿಳಿದುಕೊಳ್ಳಬೇಕು ಎಂಬುದು ನನ್ನ ಅಭಿಪ್ರಾಯ.

ವಿಷಯ ಕಷ್ಟದ್ದೇನಲ್ಲ. ಕೊಂಡ ಮಾಲಿನ ಬೆಲೆ ಏರಿದೆ. ಪೂರ್ತಿ ಮಾರುವ ಬದಲು ಒಂದು ಭಾಗ ಮಾರಿ ಲಾಭ ಕೈಗೆ ತೆಗೆದುಕೊಂಡು, ಉಳಿದದ್ದನ್ನು ಇನ್ನೂ ಏರಲಿ ಎಂದು ಬಿಡುವುದು. ನಮ್ಮೂರಿಗೆ ಇದು ಹೊಸತೂ ಅಲ್ಲ. ಅಡಿಕೆ ತೋಟ ಇರುವವರು ಅಥವಾ ಅಡಿಕೆ ವ್ಯಾಪಾರದಲ್ಲಿ ಇದ್ದವರು ತಲೆಮಾರಿನಿಂದ ಇದನ್ನೇ ಮಾಡುತ್ತಾ ಬಂದಿದ್ದಾರೆ. ಚಾಲಿ ಸುಲಿದ ಮೇಲೆ ಕೆಲಸದವರ ಮಜೂರಿಗೆ, ಜೂನ್‌ನಲ್ಲಿ ಮಕ್ಕಳ ಶಾಲೆ ಫೀಸಿಗೆ ಬೇಕಾದಷ್ಟು ಮಾತ್ರ ಅಂಗಡಿಗೋ, 1973ರಲ್ಲಿ ಶುರುವಾದ ಕ್ಯಾಂಪ್ಕೋಗೋ ಕೊಡುವುದು. ಉಳಿದದ್ದು ಗೋಣಿಯಲ್ಲಿ ಕೂತಿರುತ್ತದೆ. ಹಳೆ ಅಡಿಕೆಗೆ ರೇಟು ಬಂದಾಗ ಇನ್ನೊಂದಷ್ಟು. ಯಾರೂ ಇದಕ್ಕೆ ಇಂಗ್ಲಿಷ್ ಹೆಸರು ಇಟ್ಟಿರಲಿಲ್ಲ, ಅಷ್ಟೆ.

ಆದರೆ ಗೋಣಿಯ ಅಡಿಕೆಗೂ ಫೋನಿನ ಟ್ರೇಡಿಗೂ ಒಂದು ದೊಡ್ಡ ವ್ಯತ್ಯಾಸ ಉಂಟು. ಅಡಿಕೆ ನಿಮ್ಮದು. ರೇಟು ಬಿದ್ದರೆ ಯಾರೂ ರಾತ್ರಿ ಎರಡು ಗಂಟೆಗೆ ಬಂದು ಗೋಣಿ ಎತ್ತಿಕೊಂಡು ಹೋಗುವುದಿಲ್ಲ. ಸಾಲದ ಬಲದಲ್ಲಿ, ಅಂದರೆ ಮಾರ್ಜಿನ್‌ನಲ್ಲಿ ತೆಗೆದ ಟ್ರೇಡ್ ಹಾಗಲ್ಲ. ಈ ಎರಡನ್ನೂ ಒಂದೇ ಉಸಿರಿನಲ್ಲಿ 'ಹಾಫ್ ಬುಕಿಂಗ್' ಎಂದು ಕರೆಯುವುದರಿಂದಲೇ ನಮ್ಮ ಹುಡುಗರಿಗೆ ಮೋಸ ಆಗುತ್ತಿರುವುದು.

ಮೊದಲು ಶೇರಿನ ಲೆಕ್ಕ ನೋಡುವ. ಒಬ್ಬರು ತಮ್ಮ ಸ್ವಂತ ಹಣದಲ್ಲಿ ಒಂದು ಕಂಪೆನಿಯ 100 ಶೇರು 200 ರೂಪಾಯಿಯಂತೆ ಕೊಂಡರು. ಹಾಕಿದ್ದು 20,000. ಬೆಲೆ 260ಕ್ಕೆ ಏರಿತು. 50 ಶೇರು ಮಾರಿದರು, 13,000 ಬಂತು. ಇದರಲ್ಲಿ ಲಾಭ 3,000. ಉಳಿದ 50 ಶೇರಿನಲ್ಲಿ ಅವರ ಅಸಲು 10,000 ಇನ್ನೂ ಕೂತಿದೆ. ಇಲ್ಲಿ 'ಫ್ರೀ' ಎಂಬುದು ಎಲ್ಲಿಂದ ಬಂತು? ಅಸಲು ಪೂರ್ತಿ ಹೊರಗೆ ಬರಬೇಕಾದರೆ 77 ಶೇರು ಮಾರಬೇಕು. ಆಗ 20,020 ಕೈಗೆ ಬರುತ್ತದೆ, 23 ಶೇರು ಉಳಿಯುತ್ತದೆ. ಆ 23 ಕೂಡ ಫ್ರೀ ಅಲ್ಲ. ಇವತ್ತಿನ ಬೆಲೆಯಲ್ಲಿ ಅದು 5,980 ರೂಪಾಯಿಯ ಸೊತ್ತು. ನಾಳೆ ಅದು ಕರಗಿದರೆ ಕರಗುವುದು ನಿಮ್ಮದೇ ದುಡ್ಡು. 'ಫ್ರೀ' ಅಂದುಕೊಂಡ ತಕ್ಷಣ ಮನುಷ್ಯ ಅದನ್ನು ನೋಡಿಕೊಳ್ಳುವುದನ್ನು ಬಿಡುತ್ತಾನೆ. ಬಿಟ್ಟಿ ಸಿಕ್ಕಿದ ಛತ್ರಿಯನ್ನು ಬಸ್ಸಿನಲ್ಲಿ ಮರೆತು ಬರುವ ಹಾಗೆ.

ಇನ್ನು ಖರ್ಚು. ಮಾರಿದ ಮೊತ್ತದ ಮೇಲೆ ಸರಕಾರದ ಶೇರು ವಹಿವಾಟು ತೆರಿಗೆ, ಡೆಲಿವರಿ ಶೇರಿಗೆ ಶೇ. 0.1. ಅದು ಸಣ್ಣದು, 13,000ಕ್ಕೆ 13 ರೂಪಾಯಿ. ಡಿಮ್ಯಾಟ್ ಖಾತೆಯಿಂದ ಶೇರು ಹೊರಗೆ ಹೋಗುವಾಗ ಡಿಪಿ ಚಾರ್ಜ್ ಎಂದು ಒಂದಿದೆ. ಅದು ಸಾಮಾನ್ಯವಾಗಿ ಎಷ್ಟು ಶೇರು ಅಂತ ನೋಡುವುದಿಲ್ಲ, ಒಂದು ಕಂಪೆನಿಗೆ ದಿನಕ್ಕೆ ಇಷ್ಟು ಅಂತ. ಒಂದೇ ದಿನ 50 ಮಾರಿದರೂ ಒಂದು ಸಲ, ಹತ್ತು ಹತ್ತರಂತೆ ಐದು ದಿನ ಮಾರಿದರೆ ಐದು ಸಲ. ಸಾವಿರ, ಎರಡು ಸಾವಿರ ಹಾಕಿ ಆಡುವ ಹುಡುಗರ ಲಾಭವನ್ನು ಇದೇ ತಿಂದುಹಾಕುತ್ತದೆ. ಮತ್ತೆ ಲಾಭದ ತೆರಿಗೆ. ಕೊಂಡು ಒಂದು ವರ್ಷ ಆಗುವ ಮೊದಲು ಮಾರಿದರೆ ಶೇ. 20. 2024ರ ಜುಲೈ 23ರವರೆಗೆ ಶೇ. 15 ಇತ್ತು. ವರ್ಷ ದಾಟಿದರೆ, ಇಡೀ ವರ್ಷದ ಅಂಥ ಲಾಭದಲ್ಲಿ 1.25 ಲಕ್ಷ ಬಿಟ್ಟು ಮೇಲಿನದಕ್ಕೆ ಶೇ. 12.5.

ಇಲ್ಲಿ ಇನ್ನೊಂದು ಗೊತ್ತಿರಬೇಕಾದ ವಿಷಯ. ಒಂದೇ ಕಂಪೆನಿಯ ಶೇರನ್ನು ಎರಡು-ಮೂರು ಸಲ ಬೇರೆ ಬೇರೆ ಬೆಲೆಗೆ ಕೊಂಡಿದ್ದರೆ, ಅರ್ಧ ಮಾರುವಾಗ ಯಾವ ಅರ್ಧ ಹೋಗುತ್ತದೆ? ಮೊದಲು ಕೊಂಡದ್ದೇ ಮೊದಲು ಹೋದ ಹಾಗೆ ಲೆಕ್ಕ. 50 ಶೇರು 200ಕ್ಕೆ, ಮತ್ತೆ 50 ಶೇರು 250ಕ್ಕೆ ಕೊಂಡಿದ್ದೀರಿ ಅಂತಿಟ್ಟುಕೊಳ್ಳಿ. ನಿಮ್ಮ ಮನಸ್ಸಿನ ಲೆಕ್ಕ ಸರಾಸರಿ 225. 260ಕ್ಕೆ 50 ಮಾರಿದರೆ 1,750 ಲಾಭ ಅಂದುಕೊಳ್ಳುತ್ತೀರಿ. ತೆರಿಗೆ ಇಲಾಖೆಯ ಲೆಕ್ಕದಲ್ಲಿ ಲಾಭ 3,000. ಆದರೆ ಮೊದಲಿನ 50ಕ್ಕೆ ವರ್ಷ ತುಂಬಿದ್ದರೆ ಇದೇ ನಿಯಮ ನಿಮಗೆ ಅನುಕೂಲ. ಕೆಲವೊಮ್ಮೆ ಎರಡು ವಾರ ಕಾದರೆ ಶೇ. 20ರ ಜಾಗದಲ್ಲಿ ಏನೂ ಕೊಡಬೇಕಾಗಿಲ್ಲ. ಟಿಪ್ಸ್ ಕೊಡುವ ಗ್ರೂಪಿನವರು ಇದನ್ನು ಹೇಳಿದ್ದು ನಾನಂತೂ ಕೇಳಿಲ್ಲ.

ಇಷ್ಟಿದ್ದೂ ಸ್ವಂತ ದುಡ್ಡಿನಲ್ಲಿ ಕೊಂಡ ಶೇರನ್ನು ಸ್ವಲ್ಪ ಸ್ವಲ್ಪ ಮಾರುವುದರಲ್ಲಿ ತಪ್ಪೇನೂ ಇಲ್ಲ. ಮಗಳ ಕಾಲೇಜು ಸೀಟಿಗೆ ಹಣ ಬೇಕು, ಅಷ್ಟು ಮಾರಿ. ಐದು ಕಂಪೆನಿಯಲ್ಲಿ ಸಮನಾಗಿ ಹಾಕಿದ್ದು ಒಂದೇ ಕಂಪೆನಿ ಏರಿ ಏರಿ ಅರ್ಧಕ್ಕರ್ಧ ಆಗಿಬಿಟ್ಟಿದೆ, ಭಯ ಆಗುತ್ತದೆ, ಒಂದಷ್ಟು ಮಾರಿ ಬೇರೆಡೆ ಹಾಕಿ. ಇದಕ್ಕೆಲ್ಲ ಕಾರಣ ಉಂಟು. ರಾತ್ರಿ ನಿದ್ದೆ ಬರಲಿ ಅಂತ ಮಾರಿದರೂ ನಾನು ಬೇಡ ಅನ್ನುವುದಿಲ್ಲ, ನಿದ್ದೆಗೂ ಬೆಲೆ ಇದೆ. ಕಾರಣವೇ ಇಲ್ಲದೆ, ಹಸಿರು ಬಣ್ಣ ಕಂಡಿತು ಅಂತ ಮಾರುವುದು ಬೇರೆ. ಅಮೆರಿಕದ ಟೆರೆನ್ಸ್ ಒಡೀನ್ ಎಂಬ ಪ್ರಾಧ್ಯಾಪಕರು ಒಂದು ಬ್ರೋಕರ್ ಸಂಸ್ಥೆಯ 10,000 ಖಾತೆಗಳನ್ನು ಹಿಡಿದು ಅಧ್ಯಯನ ಮಾಡಿ 1998ರಲ್ಲಿ ಪ್ರಕಟಿಸಿದರು. ಜನ ಲಾಭದಲ್ಲಿದ್ದ ಶೇರನ್ನು ಬೇಗ ಮಾರುತ್ತಾರೆ, ನಷ್ಟದಲ್ಲಿದ್ದದ್ದನ್ನು ಅಪ್ಪಿಕೊಂಡು ಕೂರುತ್ತಾರೆ. ಸರಾಸರಿಯಲ್ಲಿ ನೋಡಿದರೆ ಹೀಗೆ ಮಾರಿದ ಶೇರುಗಳೇ ಮುಂದಿನ ವರ್ಷದಲ್ಲಿ ಇಟ್ಟುಕೊಂಡವಕ್ಕಿಂತ ಚೆನ್ನಾಗಿ ನಡೆದವು. ನಮ್ಮ ಹುಡುಗರನ್ನೇ ಕೇಳಿ ನೋಡಿ. ಲಾಭದಲ್ಲಿ ಅರ್ಧ ಬುಕ್ ಮಾಡಿದವರು ಎಷ್ಟೋ ಜನ ಸಿಗುತ್ತಾರೆ. ನಷ್ಟದಲ್ಲಿ ಅರ್ಧ ಕಡಿಮೆ ಮಾಡಿದವನು ಒಬ್ಬ ಸಿಕ್ಕಿದರೆ ಅವನ ಹತ್ತಿರ ಕೂತು ಮಾತಾಡಿ, ಅವನಿಗೆ ವ್ಯಾಪಾರ ಗೊತ್ತುಂಟು.

ಈಗ ಫೋನಿನ ಇನ್ನೊಂದು ವ್ಯಾಪಾರಕ್ಕೆ ಬರುವ. ಗಲ್ಫ್‌ನಲ್ಲಿರುವ ನಮ್ಮ ಮಕ್ಕಳು ಡ್ಯೂಟಿ ಮುಗಿಸಿ ಬಂದು ರೂಮಿನಲ್ಲಿ ಮಲಗಿಕೊಂಡು ಮಾಡುವ ಟ್ರೇಡ್ ಹೆಚ್ಚಾಗಿ ಶೇರಿನದ್ದಲ್ಲ, ಡಾಲರ್ ಬೆಲೆಯ ಚಿನ್ನದ್ದು ಅಥವಾ ಕರೆನ್ಸಿಯದ್ದು. ಮೆಟಾಟ್ರೇಡರ್ ಎಂಬ ಆ್ಯಪ್‌ನಲ್ಲಿ. ಅಲ್ಲಿ ಚಿನ್ನ ಯಾರ ಕೈಗೂ ಬರುವುದಿಲ್ಲ. ಬೆಲೆ ಏರುತ್ತದೋ ಇಳಿಯುತ್ತದೋ ಎಂಬುದರ ಮೇಲೆ ಬ್ರೋಕರ್ ಜೊತೆಗೆ ಒಂದು ಒಪ್ಪಂದ ಅಷ್ಟೆ. ಸಾಮಾನ್ಯವಾಗಿ ಒಂದು ಲಾಟ್ ಅಂದರೆ 100 ಔನ್ಸ್. ಹುಡುಗರು ಹಿಡಿಯುವುದು 0.10 ಲಾಟ್, ಅಂದರೆ 10 ಔನ್ಸ್. ಬೆಲೆ ಒಂದು ಡಾಲರ್ ಅಲುಗಿದರೆ 10 ಡಾಲರ್ ಲಾಭ ಇಲ್ಲವೇ ನಷ್ಟ.

ಅಲ್ಲಿ ಕಲಿಸುವ ಪಾಠ ಹೀಗೆ. ಬೆಲೆ 10 ಡಾಲರ್ ಇಳಿದರೆ ತಾನಾಗಿ ಹೊರಬರುವಂತೆ ಸ್ಟಾಪ್ ಲಾಸ್ ಇಡು. 10 ಡಾಲರ್ ಏರಿದರೆ ಅರ್ಧ, ಅಂದರೆ 0.05 ಲಾಟ್ ಮುಚ್ಚು. ಉಳಿದರ್ಧದ ಸ್ಟಾಪ್ ಲಾಸನ್ನು ಕೊಂಡ ಬೆಲೆಗೇ ತಂದಿಡು. ಇನ್ನು 'ರಿಸ್ಕ್ ಇಲ್ಲದ ಟ್ರೇಡ್', 20 ಡಾಲರ್ ಏರುವವರೆಗೆ ಕಾಯಿ. ಕೇಳಲು ಎಷ್ಟು ಚೆನ್ನಾಗಿದೆ! ಈಗ ಚೀಟಿ ತೆಗೆದು ಬರೆಯಿರಿ. ಸೋತರೆ ಪೂರ್ತಿ 100 ಡಾಲರ್ ಹೋಗುತ್ತದೆ, ಯಾಕೆಂದರೆ ಸೋಲುವಾಗ ಅರ್ಧ ಎಂಬುದಿಲ್ಲ. ಮೊದಲ ಗುರಿ ಮುಟ್ಟಿ ವಾಪಸ್ ಬಂದರೆ ಸಿಗುವುದು 50. ಎರಡನೇ ಗುರಿಯೂ ಮುಟ್ಟಿದರೆ 50 ಮತ್ತು 100, ಒಟ್ಟು 150. ಹತ್ತು ಟ್ರೇಡಿನಲ್ಲಿ ಐದು ಸೋತವು, ಐದು ಮೊದಲ ಗುರಿ ಮುಟ್ಟಿದವು, ಆ ಐದರಲ್ಲಿ ಮೂರು ವಾಪಸ್ ಬಂದವು, ಎರಡು ದೂರ ಹೋದವು ಅಂತಿಟ್ಟುಕೊಳ್ಳಿ. ಹೋದದ್ದು 500. ಬಂದದ್ದು ಮೂರು ಸಲ 50, ಎರಡು ಸಲ 150, ಒಟ್ಟು 450. ಸರಿಯಾಗಿ ಅರ್ಧ ಸಲ ಗೆದ್ದರೂ 50 ಡಾಲರ್ ಕೈಬಿಟ್ಟಿತು. ಪ್ರತಿ ಟ್ರೇಡಿಗೆ ಬ್ರೋಕರ್ ತೆಗೆಯುವ ಸ್ಪ್ರೆಡ್ ಬೇರೆ. ಮೊದಲ ಗುರಿಯಲ್ಲೇ ಪೂರ್ತಿ ಮುಚ್ಚಿದ್ದರೆ ಲೆಕ್ಕ ಸಮ ಆಗುತ್ತಿತ್ತು. ದೂರ ಹೋಗುವುದು ಎರಡರ ಬದಲು ನಾಲ್ಕಾದರೆ ಲೆಕ್ಕ ಲಾಭಕ್ಕೆ ತಿರುಗುತ್ತದೆ, ನಿಜ. ಆದರೆ ಅದನ್ನು ನಿರ್ಧರಿಸುವುದು ಚಿನ್ನದ ಬೆಲೆ. ಅರ್ಧ ಮುಚ್ಚುವ ಬಟನ್ ಅಲ್ಲ.

ಇದಕ್ಕಿಂತಲೂ ಕೆಟ್ಟದ್ದು ಇನ್ನೊಂದು. ಇಂಥ ಖಾತೆಯಲ್ಲಿ ಸಾಮಾನ್ಯವಾಗಿ ಅತಿ ಸಣ್ಣ ಪ್ರಮಾಣ 0.01 ಲಾಟ್. ಅದನ್ನು ಅರ್ಧ ಮಾಡಲು ಆಗುವುದಿಲ್ಲ. ಹಾಗಾಗಿ 'ಪಾರ್ಷಿಯಲ್ ಮಾಡಬೇಕಾದರೆ ಕನಿಷ್ಠ 0.02 ಹಿಡಿ, 0.04 ಆದರೆ ಇನ್ನೂ ಒಳ್ಳೆಯದು' ಎಂದು ಸಲಹೆ. ಇಲ್ಲಿ ಊರಿನಲ್ಲಿ ನಿಫ್ಟಿ ಆಪ್ಷನ್ ಆಡುವವರದ್ದೂ ಇದೇ ಕಥೆ. ಒಂದು ಲಾಟ್ ಒಡೆಯಲು ಬಾರದ ಗಂಟು, ಅರ್ಧ ಮಾರಬೇಕಾದರೆ ಎರಡು ಲಾಟ್ ಬೇಕು. ಸಣ್ಣವರು ಬರದಿರಲಿ ಎಂದೇ ಸೆಬಿ 2024ರ ಅಕ್ಟೋಬರ್‌ನಲ್ಲಿ ಕಾಂಟ್ರಾಕ್ಟಿನ ಕನಿಷ್ಠ ಮೌಲ್ಯವನ್ನು 15 ಲಕ್ಷಕ್ಕೆ ಏರಿಸುವ ನಿರ್ಧಾರ ಮಾಡಿತು. ನಮ್ಮವರು ಅದನ್ನೂ ದಾಟಿ, ಸುರಕ್ಷಿತವಾಗಿರಲಿಕ್ಕೆ ಅಂತ ಎರಡರಷ್ಟು ತೆಗೆದುಕೊಳ್ಳುತ್ತಾರೆ! ರಿಸ್ಕ್ ಅರ್ಧ ಮಾಡಲು ಮೊದಲು ರಿಸ್ಕ್ ದುಪ್ಪಟ್ಟು ಮಾಡುವುದು ಯಾವ ಊರಿನ ಲೆಕ್ಕ?

ಕೈ ತಪ್ಪುವ ಜಾಗಗಳೂ ಇವೆ. ಇಂಟ್ರಾಡೇಯಲ್ಲಿ 100 ಶೇರು ಕೊಂಡು, 100ಕ್ಕೆ ಸ್ಟಾಪ್ ಲಾಸ್ ಆರ್ಡರ್ ಹಾಕಿರುತ್ತಾರೆ. ಬೆಲೆ ಏರಿದಾಗ 50 ಮಾರುತ್ತಾರೆ. ಸ್ಟಾಪ್ ಲಾಸ್ ಆರ್ಡರಿನಲ್ಲಿ ಸಂಖ್ಯೆ ಬದಲಿಸುವುದು ಮರೆತುಹೋಗುತ್ತದೆ. ಬೆಲೆ ಬಿದ್ದಾಗ ಆ ಆರ್ಡರ್ 100 ಶೇರು ಮಾರುತ್ತದೆ. ಕೈಯಲ್ಲಿದ್ದದ್ದು 50. ಉಳಿದ 50 ಇಲ್ಲದ ಮಾಲನ್ನು ಮಾರಿದ ಹಾಗೆ, ಅದರ ನಷ್ಟ ಬೇರೆ ಶುರು. ಮೆಟಾಟ್ರೇಡರ್‌ನಲ್ಲೂ ಹೆಡ್ಜಿಂಗ್ ಖಾತೆಯಾದರೆ, ಅರ್ಧ ಮುಚ್ಚುವ ಬದಲು 'ಸೆಲ್' ಒತ್ತಿದರೆ ಹಳೆಯದು ಹಾಗೇ ಇದ್ದು ಎದುರು ದಿಕ್ಕಿನ ಹೊಸ ಟ್ರೇಡ್ ತೆರೆದುಕೊಳ್ಳುತ್ತದೆ. ಓಪನ್ ಇರುವ ಟ್ರೇಡನ್ನೇ ಒತ್ತಿಹಿಡಿದು, ಪ್ರಮಾಣ ಕಡಿಮೆ ಮಾಡಿ, ಕ್ಲೋಸ್ ಕೊಡಬೇಕು.

ಅಂಕಿಅಂಶ ಬೇಕಾದವರಿಗೆ ಸೆಬಿಯ ವರದಿಗಳೇ ಇವೆ. 2021-22ರಿಂದ 2023-24ರವರೆಗಿನ ಮೂರು ವರ್ಷಗಳಲ್ಲಿ ಫ್ಯೂಚರ್ಸ್-ಆಪ್ಷನ್ಸ್ ಆಡಿದ ಸಾಮಾನ್ಯ ಜನರಲ್ಲಿ ಶೇ. 93 ಮಂದಿಗೆ ನಷ್ಟ, ಒಟ್ಟು 1.8 ಲಕ್ಷ ಕೋಟಿ ರೂಪಾಯಿಗೂ ಹೆಚ್ಚು. ಮರುವರ್ಷ, 2024-25ರಲ್ಲಿ, ಶೇ. 91. ಶೇರಿನ ಇಂಟ್ರಾಡೇಯಲ್ಲಿ 2022-23ರಲ್ಲಿ ಹತ್ತರಲ್ಲಿ ಏಳು ಜನರಿಗೆ ನಷ್ಟ. ಆ ಇಂಟ್ರಾಡೇ ಆಡುವವರಲ್ಲಿ 30 ವರ್ಷದೊಳಗಿನವರು 2018-19ರಲ್ಲಿ ಶೇ. 18 ಇದ್ದದ್ದು ನಾಲ್ಕೇ ವರ್ಷದಲ್ಲಿ ಶೇ. 48 ಆಗಿದೆ. ಡಾಲರ್ ಚಿನ್ನದಂಥ ಒಪ್ಪಂದಗಳಲ್ಲಿ ಶೇ. 74ರಿಂದ 89ರಷ್ಟು ಸಣ್ಣ ಖಾತೆಗಳು ಕಳೆದುಕೊಳ್ಳುತ್ತವೆ ಎಂದು ಯುರೋಪಿನ ನಿಯಂತ್ರಕ ಸಂಸ್ಥೆ ಎಸ್ಮಾ 2018ರಲ್ಲಿ ಹೇಳಿ, ಪ್ರತಿ ಬ್ರೋಕರ್ ತನ್ನ ಗ್ರಾಹಕರಲ್ಲಿ ಎಷ್ಟು ಶೇಕಡಾ ಸೋಲುತ್ತಾರೆ ಎಂಬುದನ್ನು ಜಾಹೀರಾತಿನಲ್ಲೇ ಬರೆಯುವಂತೆ ಮಾಡಿತು. ಸೋತ ಇವರಲ್ಲಿ ಅರ್ಧ ಬುಕ್ ಮಾಡುವವರು ಇರಲಿಲ್ಲವೇ? ಖಂಡಿತ ಇದ್ದರು.

ಹಲಾಲ್ ಹರಾಂ ವಿಚಾರ ಉಸ್ತಾದರಿಗೆ ಬಿಟ್ಟದ್ದು, ನಾನು ಫತ್ವಾ ಕೊಡುವವನಲ್ಲ. ಆದರೆ 'ಸ್ವಾಪ್ ಫ್ರೀ ಇಸ್ಲಾಮಿಕ್ ಖಾತೆ' ಎಂದು ಬ್ರೋಕರ್ ಬರೆದ ಕಾರಣಕ್ಕೆ ಎಲ್ಲವೂ ಸರಿಯಾಯಿತು ಅಂದುಕೊಳ್ಳುವವರಿಗೆ ಒಂದು ಮಾತು. ಮಕ್ಕಾದ ಮುಸ್ಲಿಂ ವರ್ಲ್ಡ್ ಲೀಗ್‌ನ ಫಿಕ್ಹ್ ಅಕಾಡೆಮಿ 2006ರಲ್ಲೇ ಮಾರ್ಜಿನ್ ವ್ಯಾಪಾರವನ್ನು ಚರ್ಚಿಸಿ, ಅದು ಅನುಮತಿಸಿದ್ದಲ್ಲ ಎಂದಿದೆ. ಬಡ್ಡಿ ಒಂದೇ ಅಲ್ಲ, ಕೈಗೆ ಬಾರದ ಮಾಲು, ಸಾಲ ಕೊಟ್ಟವನ ಮೂಲಕವೇ ವ್ಯಾಪಾರ ಮಾಡಬೇಕೆಂಬ ಷರತ್ತು, ಎಲ್ಲವನ್ನೂ ನೋಡಿಯೇ ಹಾಗೆ ಹೇಳಿದ್ದು. ಉಸ್ತಾದರ ಬಳಿ ಕೇಳುವಾಗ 'ಶೇರು ಹಲಾಲಾ?' ಎಂದು ಒಂದೇ ಮಾತಿನಲ್ಲಿ ಕೇಳಬೇಡಿ. ಸ್ವಂತ ದುಡ್ಡಿನ ಶೇರೋ, ಮಾರ್ಜಿನ್ನೋ, ಆಪ್ಷನ್ನೋ ಅಂತ ಬಿಡಿಸಿ ಹೇಳಿ ಕೇಳಿ. ಪ್ರಶ್ನೆ ಅರ್ಧ ಕೇಳಿದರೆ ಉತ್ತರವೂ ಅರ್ಧವೇ ಸಿಗುವುದು.

ಕಾನೂನಿನ ಮಾತೂ ಉಂಟು. ಭಾರತದಲ್ಲಿ ವಾಸ ಇರುವವರು ವಿದೇಶಿ ಆ್ಯಪ್‌ಗಳಲ್ಲಿ ಹೀಗೆ ಮಾರ್ಜಿನ್ ಕರೆನ್ಸಿ ಟ್ರೇಡ್ ಮಾಡಲು ಹಣ ಕಳಿಸುವಂತಿಲ್ಲ. ಇಲ್ಲಿನ ಮಾನ್ಯತೆ ಪಡೆದ ವಿನಿಮಯ ಕೇಂದ್ರಗಳಲ್ಲಿ, ಅನುಮತಿ ಇರುವ ಕರೆನ್ಸಿ ಜೋಡಿಗಳಲ್ಲಿ ಮಾತ್ರ ವ್ಯವಹಾರ. ಅನುಮತಿ ಇಲ್ಲದ ವೇದಿಕೆಗಳ ಎಚ್ಚರಿಕೆ ಪಟ್ಟಿಯನ್ನು ರಿಸರ್ವ್ ಬ್ಯಾಂಕ್ 2022ರ ಸೆಪ್ಟೆಂಬರ್‌ನಿಂದ ಪ್ರಕಟಿಸುತ್ತಾ ಬಂದಿದೆ. ದುಬೈಯಲ್ಲಿರುವ ಅಣ್ಣನಿಗೆ ಅಲ್ಲಿನ ಕಾನೂನು ಬೇರೆ ಇರಬಹುದು, ಮನೆಯಲ್ಲಿ ಕೂತ ತಮ್ಮನಿಗೆ ಇಲ್ಲಿನದ್ದೇ. ಇಂಥ ಆ್ಯಪ್‌ಗೆ ಹಣ ಹಾಕಲು, ತೆಗೆಯಲು ಗುರುತಿಲ್ಲದವರ ಖಾತೆಗಳ ಮೂಲಕ ವ್ಯವಹಾರ ಮಾಡಿದವರಿಗೆ ಒಂದು ದಿನ ಯಾವುದೋ ದೂರದ ರಾಜ್ಯದ ಪೊಲೀಸರಿಂದ ಖಾತೆ ಫ್ರೀಜ್ ಆದ ಸುದ್ದಿ ಬರುತ್ತದೆ. ಬಂದ 'ಲಾಭ' ಯಾರನ್ನೋ ವಂಚಿಸಿದ ಹಣವಾಗಿರುತ್ತದೆ.

ವಂಚಕರಿಗೂ ಈ ಅರ್ಧ ಲಾಭದ ರುಚಿ ಚೆನ್ನಾಗಿ ಗೊತ್ತು. ನಕಲಿ ಆ್ಯಪ್‌ನಲ್ಲಿ ಮೊದಲು ಐದು ಸಾವಿರ ಹಾಕಿಸುತ್ತಾರೆ, ಎಂಟು ಸಾವಿರ ತೋರಿಸುತ್ತಾರೆ, 'ಎರಡು ಸಾವಿರ ತೆಗೆದು ನೋಡಿ' ಅನ್ನುತ್ತಾರೆ. ಬ್ಯಾಂಕಿಗೆ ನಿಜವಾಗಿಯೂ ಬರುತ್ತದೆ. ಆಮೇಲೆ ಮನೆಯ ಚಿನ್ನ ಅಡವಿಟ್ಟ ಮೂರು ಲಕ್ಷ ಹಾಕಿದಾಗ, ತೆಗೆಯಬೇಕಾದರೆ ಮೊದಲು ತೆರಿಗೆ ಕಟ್ಟಿ ಎಂಬ ಮೆಸೇಜ್. ತೆರಿಗೆಯನ್ನು ಬ್ರೋಕರ್‌ಗೆ ಮುಂಗಡ ಕಟ್ಟುವ ಪದ್ಧತಿ ಎಲ್ಲೂ ಇಲ್ಲ. ಹಾಗೆ ಕೇಳಿದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಅಸಲಿ ಬ್ರೋಕರ್ ಆದರೂ ನಾನು ಹುಡುಗರಿಗೆ ಕೇಳುವುದು ಒಂದೇ ಪ್ರಶ್ನೆ. ಅರ್ಧ ಬುಕ್ ಮಾಡಿದ ದುಡ್ಡು ಈಗ ಎಲ್ಲಿದೆ? ಹೆಚ್ಚಿನವರ ಉತ್ತರ, ಆ್ಯಪ್‌ನಲ್ಲೇ ಇದೆ, ಮುಂದಿನ ಟ್ರೇಡಿಗೆ. ಹಾಗಾದರೆ ಬುಕ್ ಆದದ್ದು ಏನು? ಒಂದು ಜೇಬಿನಿಂದ ಇನ್ನೊಂದು ಜೇಬಿಗೆ ಹೋಗಲಿಲ್ಲ, ಒಂದೇ ಜೇಬಿನಲ್ಲಿ ಬಟನ್ ಹಾಕಿ ತೆಗೆದದ್ದು. ಊರಿನ ಮಾರುಕಟ್ಟೆಯಲ್ಲಿ ಮಾರಿದ ಶೇರಿನ ಹಣ ಮರುದಿನ ಸೆಟಲ್ ಆಗುತ್ತದೆ, ಬ್ಯಾಂಕಿಗೆ ಕಳಿಸಬಹುದು. ಆಡದೆ ಬಿದ್ದಿರುವ ಹಣವನ್ನು ಮೂರು ತಿಂಗಳಿಗೊಮ್ಮೆ, ಇಲ್ಲವೇ ನಾವು ಬಯಸಿದರೆ ತಿಂಗಳಿಗೊಮ್ಮೆ, ಬ್ರೋಕರ್ ತಾನಾಗಿ ಬ್ಯಾಂಕ್ ಖಾತೆಗೆ ವಾಪಸ್ ಹಾಕಬೇಕು ಎಂದು ಸೆಬಿ ನಿಯಮವೇ ಇದೆ. ಹಾಗೆ ಬಂದ ಹಣವನ್ನು ಸಂಜೆಯೇ ಪುನಃ ಆ್ಯಪ್‌ಗೆ ಕಳಿಸುವವರನ್ನು ನೋಡಿದ್ದೇನೆ. ಅರ್ಧ ತೆಗೆಯುವುದಾದರೆ ಪೂರ್ತಿ ಹೊರಗೆ ತೆಗೆಯಿರಿ. ಚಿನ್ನದ ಸಾಲಕ್ಕೋ, ಬಾಕಿ ಫೀಸಿಗೋ ಕಟ್ಟಿ ರಶೀದಿ ತೋರಿಸಿದರೆ ಅದು ಬುಕ್ ಆಯಿತು ಎಂದು ಒಪ್ಪುತ್ತೇನೆ.

ಕೊನೆಗೆ ಮನೆಯ ಹೆಂಗಸರಿಗೆ ಹೇಳಬೇಕಾದ್ದು. ಗಲ್ಫ್‌ಗೆ ಹೋದವರು ಅನಿವಾಸಿ ಆದ ಮೇಲೆ ಹಳೆಯ ಸಾಮಾನ್ಯ ಡಿಮ್ಯಾಟ್ ಖಾತೆಯನ್ನು ಹಾಗೇ ಬಳಸುವಂತಿಲ್ಲ, ಅನಿವಾಸಿ ಖಾತೆಗೆ ಬದಲಿಸಬೇಕು. ಆ ಖಾತೆಯಲ್ಲಿ ಶೇರಿನ ಇಂಟ್ರಾಡೇ ಇಲ್ಲ, ಲಾಭದ ತೆರಿಗೆ ಮೊದಲೇ ಕಡಿತ ಆಗುತ್ತದೆ. ಈ ತಾಪತ್ರಯ ಬೇಡ ಅಂತ ಉಮ್ಮನ ಹೆಸರಲ್ಲೋ ಹೆಂಡತಿಯ ಹೆಸರಲ್ಲೋ ಖಾತೆ ತೆರೆದು ಅಲ್ಲಿಂದಲೇ ಆಡಿಸುವುದು ನಮ್ಮಲ್ಲಿ ನಡೆಯುತ್ತಿದೆ. "ಉಮ್ಮಾ, ಒಂದು ಒಟಿಪಿ ಬಂದಿದೆ ನೋಡಿ, ಹೇಳಿ" ಅಂತ ಫೋನ್ ಬರುತ್ತದೆ. ಅರ್ಧ ಮಾರಿದಾಗಲೆಲ್ಲ ಆ ಲಾಭ ಉಮ್ಮನ ಪ್ಯಾನ್ ನಂಬರಿನಲ್ಲಿ ದಾಖಲಾಗುತ್ತದೆ. ಆಪ್ಷನ್ ಆಡಿದ್ದರೆ ಅವರು ಕಾಗದದಲ್ಲಿ ವ್ಯಾಪಾರಸ್ಥೆ, ರಿಟರ್ನ್ ಕೂಡ ಹಾಗೆಯೇ ತುಂಬಬೇಕು. ನೋಟಿಸ್ ಬರುವುದೂ ಅವರಿಗೇ. ಗಂಡ ಹೆಂಡತಿಗೆ ಉಡುಗೊರೆಯಾಗಿ ಕೊಟ್ಟ ಹಣದ ಲಾಭವಾದರೆ ಅದು ಗಂಡನ ಆದಾಯಕ್ಕೇ ಸೇರುತ್ತದೆ.

ಒಟಿಪಿ ಕೊಡುವ ಮೊದಲು ಅದು ಯಾವುದಕ್ಕೆ, ಎಷ್ಟು ಶೇರು ಮಾರಲಿಕ್ಕೆ ಎಂದು ಕೇಳಿ. ಡಿಮ್ಯಾಟ್ ಖಾತೆಯಲ್ಲಿ ಏನಾದರೂ ವ್ಯವಹಾರ ಆದ ತಿಂಗಳು ಡಿಪಾಸಿಟರಿಯಿಂದ ಸ್ಟೇಟ್‌ಮೆಂಟ್ ಇಮೇಲ್‌ಗೆ ಬರುತ್ತದೆ. ನಿಮ್ಮ ಹೆಸರಿನ ಖಾತೆಯಲ್ಲಿ ಇರುವ ಇಮೇಲ್ ಯಾರದ್ದು ಎಂದು ಈ ವಾರ ನೋಡಿ. ಮಗನದ್ದಾಗಿದ್ದರೆ, ಮನೆಯಲ್ಲಿ ಓದಲು ಬರುವ ಮಗಳ ಕೈಯಲ್ಲಿ ನಿಮ್ಮದೇ ಒಂದು ಇಮೇಲ್ ಮಾಡಿಸಿ ಬದಲಿಸಿಕೊಳ್ಳಿ.